ಆಫೀಸ್ ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಮುಚ್ಚಳ ನೋಡಿ: ವೆಬ್‌ಕ್ಯಾಮ್, ಸ್ಕ್ರೀನ್ ಆರಿಸುವ ಸಮಗ್ರ ಮಾರ್ಗದರ್ಶಿ

ಧಾರವಾಡದ ವಕೀಲರೊಬ್ಬರು ಒಂದು ಮಧ್ಯಾಹ್ನ ಫೋನ್ ಮಾಡಿದರು. "ಏನ್ರೀ ಇದು, ಇಷ್ಟ ರೊಕ್ಕಾ ಕೊಟ್ಟು ತೊಗೊಂಡ ಲ್ಯಾಪ್‌ಟಾಪು. ಆನ್‌ಲೈನ್ ಹಿಯರಿಂಗ್‌ನ್ಯಾಗ ನನ್ನ ಮಾರೀನ ಕಾಣಂಗಿಲ್ಲಂತ. ಬರೇ ಬ್ಯಾಂಡ್ ಕಾಣತೈತಂತ!"

ಸಪ್ತಾಪುರದಲ್ಲಿರುವ ಅವರ ಚೇಂಬರಿಗೆ ಹೋಗಿ ನೋಡಿದೆ. ಹೇಳಿದ್ದು ನಿಜ. ಕರಿ ಕೋಟು, ಕೊರಳಲ್ಲಿ ಟ್ಯೂಬ್‌ಲೈಟಿನ ಹಾಗೆ ಹೊಳೆಯುವ ಬಿಳಿ ಬ್ಯಾಂಡು, ಅದರ ಮೇಲೆ ಕಣ್ಣು ಮೂಗು ಗೊತ್ತಾಗದ ಒಂದು ಕಪ್ಪು ಗುಂಡು. ಬೆನ್ನ ಹಿಂದೆ ದೊಡ್ಡ ಕಿಟಕಿ. ಪ್ರಾಸೆಸರ್ ಹೊಸದು, ರ‍್ಯಾಮ್ 16 ಜಿಬಿ, ಎಸ್‌ಎಸ್‌ಡಿ 512 ಜಿಬಿ. ಕ್ಯಾಮೆರಾ ಮಾತ್ರ 720ಪಿ, ಅಂದರೆ ಸ್ಪಷ್ಟತೆ ಕಡಿಮೆ ಇರುವ ಬಗೆ.

ಹುಬ್ಬಳ್ಳಿ–ಧಾರವಾಡದ ಸಣ್ಣ ಆಫೀಸುಗಳಿಗೆ ಲ್ಯಾಪ್‌ಟಾಪ್ ಆರಿಸಿಕೊಡುವುದು, ಕೆಟ್ಟರೆ ನೋಡುವುದು ನನ್ನ ಕೆಲಸ. ಎಲ್ಲರೂ ಮೊದಲು ಕೇಳುವುದು ಒಂದೇ: "ಐ5 ಐತೇನ್ರೀ, ಐ7 ಐತೇನ್ರೀ?" ಮುಚ್ಚಳದ ಬಗ್ಗೆ ಕೇಳಿದವರನ್ನು ನಾನು ಕಂಡೇ ಇಲ್ಲ. ದಿನಕ್ಕೆ ಎಂಟು ಗಂಟೆ ನಿಮ್ಮ ಕಣ್ಣು ನೆಟ್ಟಿರುವುದು ಆ ಮುಚ್ಚಳದ ಮೇಲೇ. ಎದುರಿನವರಿಗೆ ನೀವು ಕಾಣುವುದು ಅದರ ಮೇಲಂಚಿನಲ್ಲಿರುವ ಸಾಸಿವೆ ಕಾಳಿನಷ್ಟು ಗಾಜಿನಿಂದ. ಎಸ್‌ಎಸ್‌ಡಿ ಸಾಲದಿದ್ದರೆ ಆಮೇಲೆ ದೊಡ್ಡದು ಹಾಕಿಸಬಹುದು. ರ‍್ಯಾಮೂ ಎಷ್ಟೋ ಮಾಡೆಲ್‌ಗಳಲ್ಲಿ ಹಾಕಿಸಬಹುದು. ಮುಚ್ಚಳ ಹಾಗಲ್ಲ. ಸ್ಕ್ರೀನ್ ಬದಲಿಸಲು ಹೊರಟರೆ ಕೈ ಸುಡುತ್ತದೆ, ಕ್ಯಾಮೆರಾ ಬದಲಿಸಲು ಯಾರೂ ಹೋಗುವುದೇ ಇಲ್ಲ. ಅದಕ್ಕೇ ಕೊಳ್ಳುವ ದಿನವೇ ನೋಡಬೇಕು. ಹೇಗೆ ನೋಡುವುದು ಅಂತ ಒಂದೊಂದಾಗಿ ಬರೆಯುತ್ತೇನೆ.

ಹೆಜ್ಜೆ 1: ಅಂಗಡಿಗೆ ಹೋಗುವ ಮೊದಲು ನಿಮ್ಮ ಕುರ್ಚಿ ನೋಡಿ

ನೀವು ಕೂರುವ ಜಾಗದಲ್ಲಿ ಬೆಳಕು ಎಲ್ಲಿಂದ ಬರುತ್ತದೆ? ಬೆನ್ನ ಹಿಂದೆ ಕಿಟಕಿ ಇದ್ದರೆ ಕ್ಯಾಮೆರಾಗೆ ಕಷ್ಟ, ಅದೇ ಬೆಳಕು ಸ್ಕ್ರೀನಿಗೆ ಬಡಿದು ನಿಮ್ಮ ಕಣ್ಣಿಗೂ ಕಷ್ಟ. ಪಡುವಣ ಕಿಟಕಿ ಇದ್ದರೆ ಮಧ್ಯಾಹ್ನ ಮೂರರ ಮೇಲೆ ಟೇಬಲ್ ಮೇಲೆ ಬಿಸಿಲು. ಏಪ್ರಿಲ್‌ನಲ್ಲಿ ಗೋಕುಲ ರೋಡಿನ ಗಾಜಿನ ಕಟ್ಟಡಗಳಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಡುವ ಕೆಲಸ ಯಾವುದು ಅನ್ನುವುದೂ ಮುಖ್ಯ. ಟ್ಯಾಲಿ, ಎಕ್ಸೆಲ್ ಮಾಡುವವರಿಗೆ ಸ್ಕ್ರೀನ್ ಎತ್ತರ ಬೇಕು. ವಕೀಲರಿಗೆ, ಆನ್‌ಲೈನ್ ಕ್ಲಾಸ್ ತೆಗೆದುಕೊಳ್ಳುವವರಿಗೆ ಕ್ಯಾಮೆರಾ ಮೊದಲು. ಮಾಲಿನ ಬಣ್ಣ ನೋಡಿ ದರ ಹೇಳುವವರಿಗೆ ಬಣ್ಣ ಮೊದಲು. ಮೂರೂ ಬೇಕು ಅಂದರೆ ಸಿಗುತ್ತದೆ, ಆದರೆ ರೊಕ್ಕ ಜಾಸ್ತಿ. ನಿಮಗೆ ಯಾವುದು ಮೊದಲು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೊರಡಿ. ಇಲ್ಲದಿದ್ದರೆ ಅಂಗಡಿಯವರು ತಮ್ಮಲ್ಲಿ ಇದ್ದದ್ದನ್ನು ನಿಮಗೆ ಬೇಕಾದದ್ದು ಮಾಡಿಬಿಡುತ್ತಾರೆ.

ಹೆಜ್ಜೆ 2: ಹೆಸರು ನಂಬಬೇಡಿ, ನಂಬರ್ ನೋಡಿ

ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಹೆಸರಿನ ಮಾಡೆಲ್ಲಿಗೆ ಮೂರು ನಾಲ್ಕು ಬಗೆಯ ಸ್ಕ್ರೀನ್ ಇರುತ್ತವೆ. ಕ್ಯಾಮೆರಾದಲ್ಲೂ ಎರಡು ಮೂರು ಬಗೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ತಾಯಿ ಮಕ್ಕಳು.

ಇದನ್ನು ನಾನು ಕಲಿತದ್ದು ಏಟು ತಿಂದು. ಕೆಲವು ವರ್ಷದ ಹಿಂದೆ ಒಂದು ಆಫೀಸಿಗೆ ನಾಲ್ಕು ಲ್ಯಾಪ್‌ಟಾಪ್ ಕೊಡಿಸಿದೆ. ಅಂತರ್ಜಾಲದಲ್ಲಿ ಆ ಮಾಡೆಲ್ ಬಗ್ಗೆ ಒಳ್ಳೆಯ ಮಾತುಗಳನ್ನು ಓದಿದ್ದೆ. 'ಸ್ಕ್ರೀನ್ ಬಹಳ ಚೆಂದ, 400 ನಿಟ್ಸ್' ಅಂತ ಬರೆದಿದ್ದರು. ಬಂದ ನಾಲ್ಕೂ 250 ನಿಟ್ಸ್. ಪೆಟ್ಟಿಗೆಯ ಮೇಲೆ ಅದೇ ಹೆಸರು, ಒಳಗೆ ಅಗ್ಗದ ಪ್ಯಾನೆಲ್. ಕಿಟಕಿ ಪಕ್ಕ ಕೂರುವ ಹುಡುಗಿ ಒಂದು ವಾರ ನೋಡಿ, ಕಡೆಗೆ ಲ್ಯಾಪ್‌ಟಾಪಿನ ಸುತ್ತ ರಟ್ಟಿನ ಗೋಡೆ ಕಟ್ಟಿಕೊಂಡಳು. ಆ ರಟ್ಟು ಲ್ಯಾಪ್‌ಟಾಪ್ ಬಂದಿದ್ದ ಪೆಟ್ಟಿಗೆಯದೇ. ಅಲ್ಲಿಗೆ ಹೋದಾಗೆಲ್ಲ ಆ ಗೋಡೆ ನನ್ನನ್ನೇ ನೋಡುತ್ತಿತ್ತು.

ತಪ್ಪು ನನ್ನದೇ. ನೋಡಬೇಕಾದದ್ದು ಹೀಗೆ. ಲ್ಯಾಪ್‌ಟಾಪನ್ನು ಬೋರಲು ಹಾಕಿ. ತಳದಲ್ಲಿ ಸಣ್ಣ ಅಕ್ಷರದ ಚೀಟಿ ಇರುತ್ತದೆ. ಲೆನೊವೊದಲ್ಲಿ ಹತ್ತು ಅಕ್ಷರದ ಮಾಡೆಲ್ ನಂಬರ್, ಡೆಲ್‌ನಲ್ಲಿ ಏಳು ಅಕ್ಷರದ ಸರ್ವಿಸ್ ಟ್ಯಾಗ್, ಎಚ್‌ಪಿಯಲ್ಲಿ ಪ್ರಾಡಕ್ಟ್ ನಂಬರ್. ಅದನ್ನು ಫೋನಿನಲ್ಲಿ ಫೋಟೋ ತೆಗೆದು, ಆ ಕಂಪನಿಯ ಸಪೋರ್ಟ್ ಪುಟದಲ್ಲಿ ಹಾಕಿ ನೋಡಿ. ಲೆನೊವೊದವರು ಪಿಎಸ್‌ರೆಫ್ ಅನ್ನುವ ಪುಟದಲ್ಲಿ ಯಾವ ನಂಬರಿಗೆ ಯಾವ ಸ್ಕ್ರೀನ್, ಯಾವ ಕ್ಯಾಮೆರಾ ಅಂತ ಸಾಲುಸಾಲಾಗಿ ಕೊಟ್ಟಿದ್ದಾರೆ. ಕೊಟೇಶನ್ ತರಿಸುವಾಗ ಈ ಪೂರ್ತಿ ನಂಬರ್ ಕೇಳಿ. ಸ್ಕ್ರೀನ್ ಎಷ್ಟು ನಿಟ್ಸ್, ಕ್ಯಾಮೆರಾ ಎಷ್ಟು ಪಿ ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಬಾಯಿ ಮಾತು ಬೇಡ.

ಹೆಜ್ಜೆ 3: ಸ್ಕ್ರೀನಿನ ಸಾಲು ಓದುವುದು

ಆ ಸಪೋರ್ಟ್ ಪುಟದಲ್ಲಿ ಸ್ಕ್ರೀನ್ ಬಗ್ಗೆ ಹೀಗೊಂದು ಸಾಲು ಇರುತ್ತದೆ: 14 ಇಂಚು, 1920×1200, ಐಪಿಎಸ್, 400 ನಿಟ್ಸ್, ಆ್ಯಂಟಿ ಗ್ಲೇರ್, 45% ಎನ್‌ಟಿಎಸ್‌ಸಿ. ಒಂದೊಂದೂ ಒಂದೊಂದು ಕಥೆ.

ನಿಟ್ಸ್ ಅಂದರೆ ಬೆಳಕಿನ ಅಳತೆ. 250 ಅಂದರೆ ಪರದೆ ಎಳೆದ ಕೋಣೆಗೆ ಸಾಕು. 300 ಮಾಮೂಲಿ ಆಫೀಸಿಗೆ ನಡೆಯುತ್ತದೆ. ಕಿಟಕಿ ಪಕ್ಕ ಕೂರುವವರು 400ಕ್ಕಿಂತ ಕೆಳಗೆ ಇಳಿಯಬೇಡಿ. ಸೈಟಿನ ಮೇಲೆ ಬಿಸಿಲಲ್ಲಿ ತೆರೆಯುವವರಿಗೆ 500 ಇದ್ದರೂ ನೆರಳು ಹುಡುಕುವುದು ತಪ್ಪುವುದಿಲ್ಲ.

ಆ್ಯಂಟಿ ಗ್ಲೇರ್ ಅಂದರೆ ಮಂಕು ಮೈ. ಅಂಗಡಿಯಲ್ಲಿ ಹೊಳೆಯುವ ಸ್ಕ್ರೀನ್ ಪಕ್ಕ ಇಟ್ಟರೆ ಮಂಕಾದದ್ದು ಸಪ್ಪೆ ಅನ್ನಿಸುತ್ತದೆ. ಆದರೆ ಹೊಳೆಯುವ ಸ್ಕ್ರೀನಿನಲ್ಲಿ ದಿನವಿಡೀ ನಿಮ್ಮ ಅಂಗಿ, ಹಿಂದಿನ ಟ್ಯೂಬ್‌ಲೈಟು, ತಿರುಗುವ ಫ್ಯಾನು ಎಲ್ಲ ಕಾಣುತ್ತಿರುತ್ತವೆ. ಟಚ್ ಸ್ಕ್ರೀನ್‌ಗಳು ಸಾಮಾನ್ಯವಾಗಿ ಹೊಳೆಯುವವೇ. ಆಫೀಸ್ ಕೆಲಸಕ್ಕೆ ಟಚ್ ಬೇಕು ಅಂತ ಕೇಳಿದವರು, ಕೊಂಡ ಮೇಲೆ ಮೂರು ತಿಂಗಳಿಗೇ ಅದನ್ನು ಮರೆತದ್ದು ನೋಡಿದ್ದೇನೆ.

ಐಪಿಎಸ್, ಟಿಎನ್, ಓಎಲ್ಇಡಿ ಇವು ಸ್ಕ್ರೀನ್ ಪ್ಯಾನೆಲ್ಲಿನ ಬಗೆಗಳು. ಐಪಿಎಸ್ ಇರಲೇಬೇಕು. ಟಿಎನ್ ಅಂತ ಬರೆದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಟಿಎನ್ ಪ್ಯಾನೆಲ್ಲನ್ನು ಸ್ವಲ್ಪ ಓರೆಯಾಗಿ ನೋಡಿದರೂ ಬಣ್ಣ ಬದಲಾಗುತ್ತದೆ. ಗಿರಾಕಿಯನ್ನು ಪಕ್ಕ ಕೂರಿಸಿಕೊಂಡು ಲೆಕ್ಕ ತೋರಿಸುವ ಆಫೀಸಿಗೆ ಅದು ಆಗಿಬರುವುದಿಲ್ಲ. ಓಎಲ್ಇಡಿ ಕಣ್ಣಿಗೆ ಹಬ್ಬ, ಕಪ್ಪು ಅಂದರೆ ಕಾಡಿಗೆಯ ಕಪ್ಪು. ಆದರೆ ದಿನವಿಡೀ ಒಂದೇ ಎಕ್ಸೆಲ್ ಹಾಳೆ, ಕೆಳಗೆ ಅದೇ ಟಾಸ್ಕ್‌ಬಾರ್ ನಿಂತಿರುವ ಕಡೆ ವರ್ಷಗಳಲ್ಲಿ ಅದರ ಗುರುತು ಉಳಿಯುವ ಸಾಧ್ಯತೆ ಇದೆ. ಲೆಕ್ಕದ ಕೆಲಸಕ್ಕೆ ನಾನು ಐಪಿಎಸ್ಸನ್ನೇ ಹೇಳುತ್ತೇನೆ.

1920×1080 ಮತ್ತು 1920×1200. ನೋಡಲು ಸಣ್ಣ ವ್ಯತ್ಯಾಸ, ಅಲ್ವಾ? ಎರಡನೆಯದರಲ್ಲಿ ಎತ್ತರಕ್ಕೆ 120 ಪಿಕ್ಸೆಲ್ ಜಾಸ್ತಿ. ಎಕ್ಸೆಲ್‌ನ ಒಂದು ಸಾಲು, ಝೂಮ್ ಸ್ಕೇಲಿಂಗ್ ಏನೂ ಇಲ್ಲದಿದ್ದರೆ, 20 ಪಿಕ್ಸೆಲ್ ಎತ್ತರ. ಅಂದರೆ ಆರು ಸಾಲು ಹೆಚ್ಚಿಗೆ ಕಾಣುತ್ತವೆ. ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ಓದುವಾಗ, ಜಿಎಸ್‌ಟಿ ಪುಟದ ಕೆಳಗಿನ 'ಸಬ್‌ಮಿಟ್' ಗುಂಡಿ ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ. 16:10 ಅಂತ ಬರೆದದ್ದು ಇದನ್ನೇ, 1920×1080 ಆದರೆ 16:9. ಇನ್ನು 1366×768 ಅಂತ ಎಲ್ಲಾದರೂ ಕಂಡರೆ, ಎಷ್ಟೇ ಅಗ್ಗ ಅಂದರೂ ಬೇಡ.

ಕಡೆಯದು ಬಣ್ಣ. ಎನ್‌ಟಿಎಸ್‌ಸಿ ಅನ್ನುವುದು ಸ್ಕ್ರೀನ್ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವುದರ ಅಳತೆ. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನಾನೂ ಬಿಡುತ್ತಿದ್ದೆ, ಬ್ಯಾಡಗಿಗೆ ಹೋಗಿ ಬರುವವರೆಗೆ.

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬೆಲೆ ನಿಲ್ಲುವುದೇ ಬಣ್ಣದ ಮೇಲೆ. ಖಾರ ಕಡಿಮೆ, ಬಣ್ಣ ಜಾಸ್ತಿ, ಅದೇ ಅದರ ಹೆಚ್ಚುಗಾರಿಕೆ. 2011ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಅಲ್ಲಿನ ಒಬ್ಬ ವ್ಯಾಪಾರಿ ಹೊಸ ಲ್ಯಾಪ್‌ಟಾಪಿನಲ್ಲಿ ಡಬ್ಬಿ ತಳಿಯ ಮೆಣಸಿನಕಾಯಿಯ ಫೋಟೋ ತೆರೆದು ಕೂತಿದ್ದರು. "ನೋಡ್ರೀ, ಇದು ಹ್ವಾದ ವರ್ಷದ ಕೋಲ್ಡ್ ಸ್ಟೋರೇಜ್ ಮಾಲ ಇದ್ದಂಗ ಕಾಣತೈತಿ. ಫೋಟೋ ಕಳಿಸಿದಂವಾ ನೋಡಿದ್ರ ಹೊಸಾ ಮಾಲ ಅಂತಾನು." ನಾನು ಅದೇ ಫೋಟೋ ಅವರ ಫೋನಿನಲ್ಲಿ ತೆರೆಸಿದೆ. ಪಕ್ಕಪಕ್ಕ ಹಿಡಿದೆವು. ಫೋನಿನಲ್ಲಿ ಕಡುಗೆಂಪು. ಲ್ಯಾಪ್‌ಟಾಪಿನಲ್ಲಿ ಹಳೆಯ ಮನೆಯ ಹೆಂಚಿನ ಬಣ್ಣ. ಮಾಲು ಸರಿಯಾಗಿಯೇ ಇತ್ತು. ಸ್ಕ್ರೀನ್ 45% ಎನ್‌ಟಿಎಸ್‌ಸಿ ಆಗಿತ್ತು. ಹಾಗಂದರೆ ಮಾಮೂಲಿ ಫೋಟೋದಲ್ಲಿರುವ ಬಣ್ಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನಷ್ಟೇ ಅದು ತೋರಿಸಬಲ್ಲದು. ಮೊದಲು ಸೊರಗುವುದು ಇಂಥ ಗಾಢ ಕೆಂಪೇ.

ಬಣ್ಣ ನೋಡುವ ಕೆಲಸ ಇದ್ದರೆ 100% ಎಸ್‌ಆರ್‌ಜಿಬಿ (ಇದೂ ಬಣ್ಣದ ಅಳತೆಯೇ) ಅಂತ ಇರಬೇಕು. 72% ಎನ್‌ಟಿಎಸ್‌ಸಿ ಅಂತ ಬರೆದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಮೆಣಸಿನಕಾಯಿಗೆ ಮಾತ್ರ ಅಲ್ಲ. ಬೆಟಗೇರಿಯ ಸೀರೆ ವ್ಯಾಪಾರಿಗೂ, ಗದಗಿನ ಪ್ರಿಂಟಿಂಗ್ ಪ್ರೆಸ್ಸಿನವರಿಗೂ ಇದೇ ಮಾತು. ಬರೀ ಪತ್ರ, ಲೆಕ್ಕ ಮಾಡುವವರು ಇದಕ್ಕೆ ರೊಕ್ಕ ಹಾಕಬೇಕಿಲ್ಲ.

ಹೆಜ್ಜೆ 4: ಅಂಗಡಿಯಲ್ಲಿ ಹತ್ತು ನಿಮಿಷ

ಕೊಪ್ಪಿಕರ್ ರೋಡಿನ ಅಂಗಡಿಯಾಗಲಿ, ಬೇರೆ ಎಲ್ಲೇ ಆಗಲಿ, ಒಳಗೆ ಬೆಳಕಿನ ಜಾತ್ರೆ ಇರುತ್ತದೆ. ಅಲ್ಲಿ ಎಲ್ಲ ಸ್ಕ್ರೀನೂ ಚೆಂದ. ಅದಕ್ಕೇ ನಾನು ಮೊದಲು ಹೇಳುವ ಮಾತು: "ಸ್ವಲ್ಪ ಬಾಗಿಲ ಕಡೆ ಒಯ್ದು ನೋಡ್ಲೇನ್ರೀ?" ಬೇಡ ಅಂದವರು ಕಡಿಮೆ.

ಬ್ರೈಟ್‌ನೆಸ್ ಪೂರ್ತಿ ಏರಿಸಿ. ಬಾಗಿಲಿಗೆ ಬೆನ್ನು ಹಾಕಿ ನಿಂತು, ಹೊರಗಿನ ಬೆಳಕು ಸ್ಕ್ರೀನ್ ಮೇಲೆ ಬೀಳುವ ಹಾಗೆ ಹಿಡಿದು, ಒಂದು ಸಣ್ಣ ಅಕ್ಷರದ ಪುಟ ಓದಿ. ಓದಲು ಕಣ್ಣು ಕಿರಿದು ಮಾಡಬೇಕಾಯಿತು ಅಂದರೆ ನಿಮ್ಮ ಕಿಟಕಿ ಪಕ್ಕವೂ ಅದೇ ಗತಿ. ಈಗ ಚಾರ್ಜರ್ ಕಿತ್ತು ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಉಳಿಸಲು ಬೆಳಕು ತಾನಾಗಿ ಇಳಿಯುತ್ತದೆ. ಅದು ದೋಷ ಅಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ ಬ್ರೈಟ್‌ನೆಸ್ ಪಕ್ಕದ ಬಾಣ ಒತ್ತಿದರೆ, ಸ್ಕ್ರೀನಿನಲ್ಲಿ ಇರುವುದನ್ನು ನೋಡಿಕೊಂಡು ಬೆಳಕು ಬದಲಿಸುವ ಆಯ್ಕೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸಿಗುತ್ತದೆ. ಆಫ್ ಮಾಡಿ.

ಪೂರ್ತಿ ಬಿಳಿ ಚಿತ್ರ ಒಂದು, ಪೂರ್ತಿ ಕಪ್ಪು ಚಿತ್ರ ಒಂದು ಪೆನ್‌ಡ್ರೈವ್‌ನಲ್ಲಿ ಒಯ್ದಿರಿ. ಬಿಳಿಯಲ್ಲಿ ಸತ್ತ ಪಿಕ್ಸೆಲ್ ನೊಣದ ಹಿಕ್ಕೆಯ ಹಾಗೆ ಕಾಣುತ್ತದೆ. ಕಪ್ಪಿನಲ್ಲಿ ಅಂಚಿನಿಂದ ಬೆಳಕು ಸೋರುತ್ತಿದೆಯೇ ನೋಡಿ. ಸ್ವಲ್ಪ ಸೋರುವುದು ಮಾಮೂಲು, ಮೂಲೆಯಲ್ಲಿ ಟಾರ್ಚ್ ಬಿಟ್ಟ ಹಾಗಿದ್ದರೆ ಬೇರೆ ಪೀಸ್ ಕೇಳಿ.

ಸಂಜೆ ಹೊತ್ತು ಕಡಿಮೆ ಬೆಳಕಿನಲ್ಲಿ ಕೆಲಸ ಮಾಡಿ ತಲೆನೋವು ಬರುವವರಿಗೆ ಇನ್ನೊಂದು ಪರೀಕ್ಷೆ. ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಫೋನ್ ಕ್ಯಾಮೆರಾವನ್ನು ಪ್ರೋ ಮೋಡ್‌ಗೆ ಹಾಕಿ, ಶಟರ್ ವೇಗ 1/1000ಕ್ಕೆ ಇಟ್ಟು ಸ್ಕ್ರೀನ್ ನೋಡಿ. ಕಪ್ಪು ಪಟ್ಟಿಗಳು ಓಡುತ್ತಿದ್ದರೆ, ಆ ಸ್ಕ್ರೀನ್ ಬೆಳಕನ್ನು ಇಳಿಸುವುದು ಪಟಪಟ ಹಚ್ಚಿ ಆರಿಸಿ. ಎಲ್ಲರಿಗೂ ಅದು ತೊಂದರೆ ಕೊಡುವುದಿಲ್ಲ. ಕೊಡುವವರಿಗೆ ಬಹಳ ಕೊಡುತ್ತದೆ.

ಹೆಜ್ಜೆ 5: ಕ್ಯಾಮೆರಾದ ಅಂಕಿ ಮತ್ತು ಅದರ ಹಿಂದಿನ ಮರ್ಮ

720ಪಿ ಅಂದರೆ ಸುಮಾರು 9 ಲಕ್ಷ ಚುಕ್ಕೆ. 1080ಪಿ ಅಂದರೆ 20 ಲಕ್ಷ. ಈಗ 5 ಮೆಗಾಪಿಕ್ಸೆಲ್ ಅಂದರೆ 50 ಲಕ್ಷದವೂ ಬಂದಿವೆ. ಕೊರೊನಾ ಬರುವವರೆಗೆ ದುಬಾರಿ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲೂ 720ಪಿಯೇ ಹೆಚ್ಚು. ಮನೆಯಿಂದ ಕೆಲಸ ಶುರುವಾಗಿ ಎಲ್ಲರ ಮುಖ ಎಲ್ಲರಿಗೂ ಮಸುಕಾಗಿ ಕಂಡ ಮೇಲೆ ಕಂಪನಿಗಳಿಗೆ ಬುದ್ಧಿ ಬಂತು. ಹೊಸದು ಕೊಳ್ಳುವಾಗ 1080ಪಿಗಿಂತ ಕಡಿಮೆ ಒಪ್ಪಬೇಡಿ.

"ನನ್ನ ಹತ್ತು ಸಾವಿರದ ಫೋನಿನ ಕ್ಯಾಮೆರಾನೇ ಇದಕ್ಕಿಂತ ಚಲೋ ಐತಲ್ರೀ" ಅಂತ ಬಹಳ ಮಂದಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಫೋನಿನ ಮೈ ಏಳೆಂಟು ಮಿಲಿಮೀಟರ್ ದಪ್ಪ, ಅದರ ಮೇಲೂ ಕ್ಯಾಮೆರಾ ಉಬ್ಬಿ ನಿಂತಿರುತ್ತದೆ. ಲ್ಯಾಪ್‌ಟಾಪಿನ ಮುಚ್ಚಳ ಅದಕ್ಕಿಂತ ಬಹಳ ತೆಳು. ಅಷ್ಟು ತೆಳುವಿನಲ್ಲಿ ದೊಡ್ಡ ಲೆನ್ಸು, ದೊಡ್ಡ ಸೆನ್ಸರ್ ಹಿಡಿಸುವುದಿಲ್ಲ. ಸಣ್ಣ ಸೆನ್ಸರಿಗೆ ಸಿಗುವ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ಮುಖದ ಮೇಲೆ ರವೆ ಉದುರಿಸಿದ ಹಾಗೆ ಕಾಣುತ್ತದೆ. ಕೆಲವು ಹೊಸ ಮಾಡೆಲ್‌ಗಳಲ್ಲಿ ಮುಚ್ಚಳದ ನೆತ್ತಿಯಲ್ಲಿ ಸಣ್ಣ ಉಬ್ಬು ಇರುವುದು ಇದಕ್ಕೇ. ನೋಡಲು ಚೆಂದವಿಲ್ಲ, ಆದರೆ ಕ್ಯಾಮೆರಾಗೆ ಜಾಗ ಸಿಕ್ಕಿದೆ, ಮುಚ್ಚಳ ತೆರೆಯಲು ಬೆರಳಿಗೂ ಹಿಡಿತ ಸಿಕ್ಕಿದೆ.

ಹಾಗಾಗಿ ಅಂಕಿ ನೋಡಿ ಸುಮ್ನೆ ಆಗಬೇಡಿ. ಅಂಗಡಿಯಲ್ಲೇ ವಿಂಡೋಸ್‌ನ ಕ್ಯಾಮೆರಾ ಆ್ಯಪ್ ತೆರೆಯಿರಿ. ಅರ್ಧ ನಿಮಿಷ ವಿಡಿಯೋ ಮಾಡಿ. ಮೊದಲು ಬೆಳಕಿಗೆ ಮುಖ ಮಾಡಿ, ಆಮೇಲೆ ಬೆಳಕಿಗೆ ಬೆನ್ನು ಹಾಕಿ. ಕೈ ಬೀಸಿ, ನಾಲ್ಕು ಮಾತು ಆಡಿ. ವಿಡಿಯೋ ಹಾಕಿ ನೋಡಿದಾಗ ಮೂರು ವಿಷಯ ಗಮನಿಸಿ: ಬೆನ್ನ ಹಿಂದೆ ಬೆಳಕಿದ್ದಾಗ ಮುಖ ಎಷ್ಟು ಉಳಿಯಿತು, ಕೈ ಬೀಸಿದಾಗ ಎಷ್ಟು ಕಲಸಿಹೋಯಿತು, ಮಾತು ಕೊಡದೊಳಗಿಂದ ಬಂದ ಹಾಗಿದೆಯೇ. ಎಷ್ಟೋ ಮೀಟಿಂಗ್‌ಗಳಲ್ಲಿ ಚಿತ್ರಕ್ಕಿಂತ ಮೈಕೇ ಮಾನ ಕಳೆಯುವುದು.

ಇನ್ನೊಂದು ಮಾತು. ಮೀಟಿಂಗ್ ಆ್ಯಪ್‌ಗಳು ನಿಮ್ಮ ನೆಟ್ ನೋಡಿಕೊಂಡು ಚಿತ್ರದ ಗುಣಮಟ್ಟ ಇಳಿಸುತ್ತವೆ. ನೆಟ್ ನಿಧಾನ ಇದ್ದರೆ 5 ಮೆಗಾಪಿಕ್ಸೆಲ್ ಕ್ಯಾಮೆರಾವೂ 720ಪಿಯ ಹಾಗೇ. ಕ್ಯಾಮೆರಾಗೆ ಜಾಸ್ತಿ ರೊಕ್ಕ ಹಾಕುವ ಮೊದಲು ಅಪ್‌ಲೋಡ್ ವೇಗ ಎಷ್ಟಿದೆ ನೋಡಿಕೊಳ್ಳಿ.

ಹೆಜ್ಜೆ 6: ಶಟರ್, ಮತ್ತು 'ಕ್ಯಾಮೆರಾ ಕೆಟ್ಟಿದೆ' ಅನ್ನುವ ಫೋನು

2016ರಲ್ಲಿ ಫೇಸ್‌ಬುಕ್‌ನ ಮಾರ್ಕ್ ಝುಕರ್‌ಬರ್ಗ್ ಒಂದು ಫೋಟೋ ಹಾಕಿದರು. ಹಿಂದೆ ಟೇಬಲ್ ಮೇಲಿದ್ದ ಲ್ಯಾಪ್‌ಟಾಪಿನ ಕ್ಯಾಮೆರಾಗೆ ಟೇಪು ಅಂಟಿಸಿದ್ದು ಜನರ ಕಣ್ಣಿಗೆ ಬಿತ್ತು. ಅಷ್ಟು ದೊಡ್ಡವರೇ ಟೇಪು ಅಂಟಿಸಿದರೆ ನಮ್ಮ ಗತಿ ಏನು ಅಂತ ಎಲ್ಲ ಕಡೆ ಮಾತಾಯಿತು. ಅದರ ಸುತ್ತಮುತ್ತಲ ವರ್ಷಗಳಲ್ಲಿ ಆಫೀಸ್ ಲ್ಯಾಪ್‌ಟಾಪ್‌ಗಳಿಗೆ ಸರಿಯುವ ಸಣ್ಣ ಮುಚ್ಚಳ ಬಂತು. ಲೆನೊವೊದ ಥಿಂಕ್‌ಪ್ಯಾಡ್‌ಗಳಲ್ಲಿ 2018ರಿಂದ ಇದಕ್ಕೆ ಥಿಂಕ್‌ಶಟರ್ ಅಂತ ಹೆಸರು.

ಕೊಳ್ಳುವಾಗ ಇದು ಇದೆಯೇ ನೋಡಿ. ಉಗುರಿನಿಂದ ಸರಿಸಿ. ಬಿಗಿಯಾಗಿ ಸರಿಯಬೇಕು, ತಾನಾಗಿ ಜಾರಬಾರದು. ಕೆಲವು ಮಾಡೆಲ್‌ಗಳಲ್ಲಿ ಕೀಬೋರ್ಡಿನ ಎಫ್ ಸಾಲಿನಲ್ಲಿ ಗೀಟು ಹೊಡೆದ ಕ್ಯಾಮೆರಾ ಚಿತ್ರದ ಕೀ ಇರುತ್ತದೆ, ಅದನ್ನು ಒತ್ತಿದರೆ ಕ್ಯಾಮೆರಾ ಬಂದ್. ನನಗೆ ಕಣ್ಣಿಗೆ ಕಾಣುವ ಶಟರ್ ಮೇಲೇ ನಂಬಿಕೆ. ಆದರೆ ಅದು ಮೈಕನ್ನು ಮುಚ್ಚುವುದಿಲ್ಲ ಅನ್ನುವುದು ನೆನಪಿರಲಿ.

ಶಟರ್ ಇಲ್ಲದ ಲ್ಯಾಪ್‌ಟಾಪಿಗೆ ಅಂಟಿಸುವ ಪ್ಲಾಸ್ಟಿಕ್ ಮುಚ್ಚಳ ಇಪ್ಪತ್ತು ಮೂವತ್ತು ರೂಪಾಯಿಗೆ ಸಿಗುತ್ತದೆ ಅಂತ ತಂದು ಅಂಟಿಸಬೇಡಿ. ಲ್ಯಾಪ್‌ಟಾಪ್ ಮುಚ್ಚಿದಾಗ ಸ್ಕ್ರೀನಿಗೂ ಕೀಬೋರ್ಡಿಗೂ ನಡುವೆ ಜಾಗವೇ ಇರುವುದಿಲ್ಲ. ಆ ಪ್ಲಾಸ್ಟಿಕ್ ಒತ್ತಿ ಸ್ಕ್ರೀನ್ ಸೀಳಬಹುದು. ಆ್ಯಪಲ್‌ನವರು 2020ರಲ್ಲಿ ಮ್ಯಾಕ್‌ಬುಕ್ ಬಗ್ಗೆ ಇದನ್ನೇ ಎಚ್ಚರಿಸಿದ್ದರು. ಅಂಟಿಸಲೇಬೇಕಾದರೆ 0.1 ಮಿಲಿಮೀಟರ್‌ಗಿಂತ, ಅಂದರೆ ಒಂದು ಪ್ರಿಂಟರ್ ಹಾಳೆಗಿಂತ ದಪ್ಪ ಇರಬಾರದು ಅಂದಿದ್ದರು. ಕಾಗದದ ಚೂರೇ ವಾಸಿ.

ಇನ್ನು ನನಗೆ ಬರುವ ಫೋನು. "ಕ್ಯಾಮೆರಾ ಕೆಟ್ಟೈತ್ರೀ, ಕರ್ರಗ ಬರತೈತಿ." ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ ಹತ್ತಿ ಹೋಗಿ, ಉಗುರಿನಿಂದ ಶಟರ್ ಸರಿಸಿ, ಚಹಾ ಕುಡಿದು ವಾಪಸ್ ಬಂದದ್ದು ಒಂದೆರಡು ಸಲ ಅಲ್ಲ. ಅದಕ್ಕೆ ಈಗ ಫೋನಿನಲ್ಲೇ ಈ ಸಾಲು ಓದಿಸುತ್ತೇನೆ. ಮೊದಲು ಶಟರ್. ಆಮೇಲೆ ಎಫ್ ಸಾಲಿನ ಕೀ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಕ್ಯಾಮೆರಾ. ಅಲ್ಲಿ ಮೇಲಿನ ಕ್ಯಾಮೆರಾ ಆಕ್ಸೆಸ್ ಆನ್ ಇರಬೇಕು, ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಬಿಡುವ ಗುಂಡಿಯೂ ಆನ್ ಇರಬೇಕು. ಬಹಳ ಜನ ಮೇಲಿನದು ಮಾತ್ರ ನೋಡಿ ಕೈಬಿಡುತ್ತಾರೆ. ಆಮೇಲೆ ಬೇರೆ ಯಾವುದಾದರೂ ಆ್ಯಪ್ ಕ್ಯಾಮೆರಾ ಹಿಡಿದುಕೊಂಡಿದೆಯೇ ಅಂತ ಎಲ್ಲ ಮುಚ್ಚಿ ನೋಡುವುದು. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಕ್ಯಾಮೆರಾ ಬಂದ್ ಆಗಿದೆಯೇ ನೋಡುವುದು. ಕಡೆಗೆ ಬಯೋಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್. ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ ಒಳಗಿಂದಲೇ ಕ್ಯಾಮೆರಾ ಬಂದ್ ಮಾಡಬಹುದು. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಹೀಗೆ ಸಿಗುತ್ತದೆ.

ಹೆಜ್ಜೆ 7: ಮುಖ ತೋರಿಸಿ ಒಳಗೆ ಹೋಗುವುದು

ಸಪೋರ್ಟ್ ಪುಟದಲ್ಲಿ ಕ್ಯಾಮೆರಾ ಮುಂದೆ 'ಐಆರ್' ಅಂತ ಇದ್ದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲೂ ನೋಡುವ ಕ್ಯಾಮೆರಾ ಇದೆ ಎಂದರ್ಥ. 2015ರಲ್ಲಿ ವಿಂಡೋಸ್ 10 ಜೊತೆ ಬಂದ ವಿಂಡೋಸ್ ಹಲೋ ಮುಖ ಗುರುತಿಸುವುದು ಇದರಿಂದ. ಮೊದಲು ಕತ್ತಲಲ್ಲೂ ನಡೆಯುತ್ತಿತ್ತು. 2025ರ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಮುಖ ಮಾಮೂಲಿ ಕ್ಯಾಮೆರಾಗೂ ಕಾಣಬೇಕು, ಹಾಗಾಗಿ ಸ್ವಲ್ಪ ಬೆಳಕು ಬೇಕು. ಮಾಮೂಲಿ ಫೋಟೋ ಹಿಡಿದು ಮೋಸ ಮಾಡುವುದು ಸುಲಭವಲ್ಲ. ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್ ಇನ್ ಆಪ್ಶನ್ಸ್ ಒಳಗೆ ಹೋಗಿ ಮುಖ ದಾಖಲಿಸಿ. ಕನ್ನಡಕ ಹಾಕುವವರು ಒಮ್ಮೆ ಹಾಕಿಕೊಂಡು, 'ಇಂಪ್ರೂವ್ ರೆಕಗ್ನಿಶನ್' ಒತ್ತಿ ಇನ್ನೊಮ್ಮೆ ತೆಗೆದು ದಾಖಲಿಸಿ. ನೇರ ಬಿಸಿಲಲ್ಲಿ ಇದು ತಡವರಿಸುತ್ತದೆ, ಬಿಸಿಲಲ್ಲೇ ಇನ್‌ಫ್ರಾರೆಡ್ ತುಂಬಿರುತ್ತದಲ್ಲ. ಬೆರಳಚ್ಚು ಇದ್ದರೆ ಅದನ್ನೂ ಹಾಕಿಟ್ಟಿರಿ.

ಹೆಜ್ಜೆ 8: ಇರುವ ಕ್ಯಾಮೆರಾದಿಂದ ಒಳ್ಳೆಯ ಚಿತ್ರ

ಈಗ ವಕೀಲರ ಚೇಂಬರಿಗೆ ಮರಳೋಣ. ಅವರ ಮುಖ ಕಪ್ಪಾಗಲು ಕಾರಣ ಹೀಗೆ. ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಸರಾಸರಿ ಹಾಕುತ್ತದೆ. ಹಿಂದೆ ಕಿಟಕಿ ಬೆಳಗುತ್ತಿದ್ದರೆ 'ಬೆಳಕು ಜಾಸ್ತಿಯಾಯಿತು' ಅಂದುಕೊಂಡು ಎಲ್ಲವನ್ನೂ ಕಪ್ಪು ಮಾಡುತ್ತದೆ. ಕಿಟಕಿ ಇಲ್ಲದಿದ್ದರೆ ಉಲ್ಟಾ. ಕರಿ ಕೋಟು ಅರ್ಧ ಚಿತ್ರ ತುಂಬಿರುತ್ತದೆ, 'ಬೆಳಕು ಸಾಲದು' ಅಂದುಕೊಂಡು ಏರಿಸುತ್ತದೆ, ಆಗ ಬ್ಯಾಂಡು ಉರಿದುಹೋಗುತ್ತದೆ. ಕರಿ ಕೋಟು, ಬಿಳಿ ಬ್ಯಾಂಡು ಎರಡೂ ಒಟ್ಟಿಗೆ ಅಂದರೆ ಸಣ್ಣ ಸೆನ್ಸರಿಗೆ ಬಿಡಿಸಲಾಗದ ಕಗ್ಗಂಟು.

ನಾವು ಮಾಡಿದ್ದು ಇಷ್ಟೇ. ಟೇಬಲ್ ತಿರುಗಿಸಿ ಕಿಟಕಿ ಮುಖದ ಎದುರು ಬರುವಂತೆ ಮಾಡಿದೆವು. ಎರಡು ದಪ್ಪ ಲಾ ಪುಸ್ತಕ ಜೋಡಿಸಿ ಮೇಲೆ ಲ್ಯಾಪ್‌ಟಾಪ್ ಇಟ್ಟೆವು, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬಂತು. ಅಲ್ಲಿಯವರೆಗೆ ಕ್ಯಾಮೆರಾ ಅವರ ಮೂಗಿನ ಹೊಳ್ಳೆಯನ್ನೂ ಚಾವಣಿಯ ಫ್ಯಾನನ್ನೂ ತೋರಿಸುತ್ತಿತ್ತು. ಕೀಬೋರ್ಡಿನ ಮುಂದೆ ಟೇಬಲ್ ಮೇಲೆ ನಾಲ್ಕು ಬಿಳಿ ಹಾಳೆ ಹರಡಿದೆವು. ಕಿಟಕಿಯ ಬೆಳಕು ಹಾಳೆಗೆ ಬಡಿದು ಗದ್ದದ ಕೆಳಗಿನ ನೆರಳು ಹೋಯಿತು. ಖರ್ಚು ಸೊನ್ನೆ. ಕ್ಯಾಮೆರಾ ಅದೇ 720ಪಿ.

ಸಂಜೆ ಟ್ಯೂಬ್‌ಲೈಟ್ ಹಚ್ಚಿದ ಮೇಲೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಮೇಲೆ ಕೆಳಗೆ ತೇಲುತ್ತಿದ್ದವು. ಇದು ಬಹಳ ಕಡೆ ಇರುವ ತೊಂದರೆ. ಹೆಸ್ಕಾಂ ಕರೆಂಟು ಸೆಕೆಂಡಿಗೆ 50 ಸುತ್ತು, ಅಂದರೆ 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಮೆರಿಕದಲ್ಲಿ 60 ಹರ್ಟ್ಸ್. ಕ್ಯಾಮೆರಾ 60ಕ್ಕೆ ಹೊಂದಿಕೊಂಡಿದ್ದರೆ ನಮ್ಮ ದೀಪದ ತಾಳಕ್ಕೆ ಅದು ಕೂಡುವುದಿಲ್ಲ. ಕ್ಯಾಮೆರಾ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ 'ಫ್ಲಿಕರ್ ರಿಡಕ್ಷನ್' ಇರುತ್ತದೆ, ಅದನ್ನು 50 ಹರ್ಟ್ಸ್ ಮಾಡಿ. ಮೀಟಿಂಗ್ ಆ್ಯಪಿನಲ್ಲಿ ಇದ್ದರೆ ಅಲ್ಲಿಯೂ ಮಾಡಿ.

ಹಿನ್ನೆಲೆ ಮಸುಕು ಮಾಡುವುದು, ಮುಖ ನಡುವಿಗೆ ತರುವುದು, ಓದುತ್ತಿದ್ದರೂ ಕ್ಯಾಮೆರಾ ನೋಡುತ್ತಿರುವ ಹಾಗೆ ಕಣ್ಣು ತಿದ್ದುವುದು ಇವೆಲ್ಲ ವಿಂಡೋಸ್ 11ರ ಸ್ಟುಡಿಯೋ ಎಫೆಕ್ಟ್ಸ್‌ನಲ್ಲಿ ಬರುತ್ತವೆ. ಇವಕ್ಕೆ ಎನ್‌ಪಿಯು, ಅಂದರೆ ಎಐ ಕೆಲಸಕ್ಕೆಂದೇ ಇರುವ ಭಾಗ, ಇರುವ ಹೊಸ ಚಿಪ್ ಬೇಕು. ಹಿನ್ನೆಲೆ ಮಸುಕು ಮಾಡುವುದಷ್ಟೇ ಸಾಕು ಅಂದರೆ ಮೀಟಿಂಗ್ ಆ್ಯಪ್‌ಗಳಲ್ಲೇ ಇದೆ. ಕಣ್ಣು ತಿದ್ದುವುದನ್ನು ನಾನು ಆಫ್ ಇಡುತ್ತೇನೆ. ಎವೆಯಿಕ್ಕದ ಗೊಂಬೆ ನೋಡಿದ ಹಾಗಾಗುತ್ತದೆ.

ಹೆಜ್ಜೆ 9: ಪಕ್ಕದವರ ಕಣ್ಣು

ಬೆಂಗಳೂರು ರೈಲಿನಲ್ಲಿ, ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆಯುವ ಸಿಎಗಳು, ಬ್ಯಾಂಕಿನವರು ಇದನ್ನು ಯೋಚಿಸಬೇಕು. ಎಚ್‌ಪಿ 2016ರಲ್ಲಿ ಶೂರ್ ವ್ಯೂ ತಂದಿತು, ಲೆನೊವೊದಲ್ಲಿ ಪ್ರೈವಸಿಗಾರ್ಡ್. ಒಂದು ಕೀ ಒತ್ತಿದರೆ ಓರೆಯಿಂದ ನೋಡುವವರಿಗೆ ಸ್ಕ್ರೀನ್ ಮಬ್ಬು. ಒಳ್ಳೆಯದೇ, ಆದರೆ ರೊಕ್ಕ ಜಾಸ್ತಿ, ಹಚ್ಚಿದಾಗ ನಿಮಗೂ ಬೆಳಕು ಕಡಿಮೆ. ತಿಂಗಳಿಗೊಮ್ಮೆ ಪ್ರಯಾಣ ಮಾಡುವವರಿಗೆ ತೆಗೆದು ಹಾಕುವ ಪ್ರೈವಸಿ ಫಿಲ್ಮ್ ಸಾಕು. ಕೊಳ್ಳುವಾಗ ಇಂಚು ಮಾತ್ರ ಹೇಳಬೇಡಿ, 16:9 ಅಥವಾ 16:10 ಅಂತಲೂ ಹೇಳಿ. 14 ಇಂಚಿನದೇ ಆದರೂ ಎರಡರ ಅಗಲ ಎತ್ತರ ಬೇರೆ.

ಹೆಜ್ಜೆ 10: ಕೊಂಡ ಮೇಲೆ

ರಾತ್ರಿ ಹೊತ್ತು ನೈಟ್ ಲೈಟ್ ಹಚ್ಚಿದರೆ ಸ್ಕ್ರೀನ್ ಹಳದಿಯಾಗುತ್ತದೆ, ಕಣ್ಣಿಗೆ ಹಿತ. ಬಣ್ಣ ನೋಡುವ ಕೆಲಸ ಇದ್ದಾಗ ಆಫ್ ಮಾಡಲು ಮರೆಯಬೇಡಿ. ಮೆಣಸಿನಕಾಯಿ ಮತ್ತೆ ಹೆಂಚಾಗುತ್ತದೆ.

ಒರೆಸಲು ಕನ್ನಡಕದ ಮೆತ್ತನೆ ಬಟ್ಟೆ. ನೀರನ್ನು ಬಟ್ಟೆಗೆ ಹಾಕಿ, ಸ್ಕ್ರೀನಿಗೆ ಚಿಮುಕಿಸಬೇಡಿ, ಕೆಳಗಿನ ಅಂಚಿನಿಂದ ಒಳಗೆ ಇಳಿಯುತ್ತದೆ. ಕ್ಯಾಮೆರಾದ ಗಾಜನ್ನೂ ಒರೆಸಿ. ಮುಚ್ಚಳ ತೆರೆಯುವಾಗ ಹೆಬ್ಬೆರಳು ತಾಗುವುದು ಅಲ್ಲಿಗೇ. 'ಕ್ಯಾಮೆರಾ ಮಂಜು ಮಂಜು' ಅನ್ನುವ ದೂರಿನಲ್ಲಿ ಅರ್ಧ ಈ ಬೆರಳಿನ ಎಣ್ಣೆ. ಮುಚ್ಚುವ ಮೊದಲು ಕೀಬೋರ್ಡ್ ಮೇಲೆ ಪೆನ್ನು, ಇಯರ್‌ಫೋನ್ ಉಳಿದಿದೆಯೇ ನೋಡಿ. ಸ್ಕ್ರೀನ್ ಒಡೆಯಲು ಒಂದು ಸ್ಟೇಪ್ಲರ್ ಪಿನ್ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದೆಲ್ಲದರ ಜೊತೆ ಒಂದು ನೋಡಿ. ತಳದ ನಂಬರ್ ಹಾಕಿದಾಗ ಬರುವ ಸ್ಕ್ರೀನೂ ಎದುರಿಗಿರುವ ಸ್ಕ್ರೀನೂ ಒಂದೇನಾ? ಒಡೆದ ಸ್ಕ್ರೀನ್ ಬದಲಿಸಿ ಅಗ್ಗದ್ದು ಹಾಕಿ ಮಾರುವವರು ಇದ್ದಾರೆ.

ಕ್ಯಾಮೆರಾ ಎಷ್ಟು ಮಾಡಿದರೂ ಸರಿಯಿಲ್ಲ ಅಂದರೆ ಲ್ಯಾಪ್‌ಟಾಪ್ ಬದಲಿಸಲು ಹೋಗಬೇಡಿ. ಯುಎಸ್‌ಬಿಗೆ ಚುಚ್ಚುವ 1080ಪಿ ವೆಬ್‌ಕ್ಯಾಮ್ ತನ್ನಿ. ಅಥವಾ ನಿಮ್ಮ ಫೋನನ್ನೇ ಬಳಸಿ. ವಿಂಡೋಸ್ 11ರಲ್ಲಿ ಬ್ಲೂಟೂತ್ ಅಂಡ್ ಡಿವೈಸಸ್ ಒಳಗೆ ಮೊಬೈಲ್ ಡಿವೈಸಸ್‌ಗೆ ಹೋಗಿ ಆಂಡ್ರಾಯ್ಡ್ ಫೋನ್ ಜೋಡಿಸಿದರೆ, ಅದು ವೈರ್ ಇಲ್ಲದೆ ವೆಬ್‌ಕ್ಯಾಮ್ ಆಗುತ್ತದೆ. ಐಫೋನ್ ಮತ್ತು ಮ್ಯಾಕ್ ಇದ್ದವರಿಗೆ 2022ರಿಂದಲೇ ಈ ಸೌಲಭ್ಯ ಇದೆ. ವಕೀಲರು ಈಗ ದೊಡ್ಡ ಕೇಸು ಇದ್ದ ದಿನ ಹಾಗೇ ಮಾಡುತ್ತಾರೆ. ಲ್ಯಾಪ್‌ಟಾಪಿನ ಹಿಂದೆ ಮೂರನೇ ಲಾ ಪುಸ್ತಕ ನಿಲ್ಲಿಸಿ, ಅದಕ್ಕೆ ಫೋನ್ ಆನಿಸಿ, ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ. ಹಿಯರಿಂಗ್ ನಡುವೆ ಅದೇ ಫೋನಿಗೆ ಕರೆ ಬಂದು ಎಡವಟ್ಟಾದದ್ದು ಒಂದೇ ಸಲ. ಆಮೇಲಿಂದ ಡು ನಾಟ್ ಡಿಸ್ಟರ್ಬ್ ಹಾಕಿಯೇ ಕೋಟು ತೊಡುತ್ತಾರೆ.